ಅಮಾನುಷ ಎಂಬ ಶಬ್ದವನ್ನು ಹೊಡೆದು ಹಾಕಿದೆ

ಬೆಂಗೇರಿ, ಹುಬ್ಬಳ್ಳಿ
ಜುಲೈ ೧೪, ೨೦೨೪, ರವಿವಾರ

ಪ್ರತಾಪ ಅವರಿಗೆ,

ಜೈಭೀಮ. ನಿಮ್ಮ ಮನೆಯಲ್ಲಿದ್ದಷ್ಟು ಕಾಲ ನಿಮ್ಮ ಹೆಸರು ಹೇಳಿದವಳಲ್ಲ. ಈಗ ಬರೆಯುವಾಗಲೂ ಕೈ ಸ್ವಲ್ಪ ತಡೆಯಿತು. ಇಲ್ಲಿ ಎಲ್ಲ ನೆಟ್ಟಗಿದೆ. ಕಾಲೇಜು ಶುರುವಾಗಿದೆ. ನಾನು ಈ ಬಾಡಿಗೆ ಮನೆಗೆ ಬಂದು ವರ್ಷ ದಾಟಿತು.

ನಿನ್ನೆ ಕೇಶ್ವಾಪುರದಲ್ಲಿ ವಕೀಲ ಶಾಕೀರ ಅವರನ್ನು ಕಂಡೆ. ವಿಚ್ಛೇದನದ ಅರ್ಜಿ ಸಿದ್ಧವಾಗಿತ್ತು. ಅವರ ಕಂಪ್ಯೂಟರಿನಲ್ಲಿ ಇಂಥ ಅರ್ಜಿಯ ಒಂದು ಅಚ್ಚು ಇದೆ. ಹೆಸರು, ವಿಳಾಸ ಬದಲಿಸಿದರೆ ಯಾವ ಹೆಂಗಸಿಗೂ ಹೊಂದುತ್ತದೆ. ನನ್ನದರಲ್ಲಿ ‘ಎದುರುದಾರರು ಅರ್ಜಿದಾರರನ್ನು ಅಮಾನುಷವಾಗಿ ಹೊಡೆದು ಬಡಿದು’ ಎಂದಿತ್ತು. ನೀವು ನನ್ನ ಮೇಲೆ ಎಂದೂ ಕೈ ಎತ್ತಿಲ್ಲ ಎಂದೆ. ವಕೀಲರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

“ಎಲ್ಲಾರೂ ಹಿಂಗ ಬರಸ್ತಾರ್ರೀ ಮೇಡಮ್. ಹೊಡದಿಲ್ಲ ಅಂದ್ರ ಕೇಸ್ ಬೀಳ್ತೈತಿ. ಒಂದ ಏಟರ ನೆನಪ ಮಾಡ್ಕೋರಿ.”

ಕುಳಿತು ನೆನಪು ಮಾಡಿಕೊಂಡೆ. ಒಂದೇಟೂ ಸಿಗಲಿಲ್ಲ.

ಶಬ್ದಗಳನ್ನು ತೂಗುವ ನನ್ನ ಚಟ ನಿಮಗೆ ಗೊತ್ತು. ಅಮಾನುಷ ಎಂದರೆ ಮನುಷ್ಯರದಲ್ಲದ್ದು. ಹಳೆಯ ಕಾವ್ಯಗಳಲ್ಲಿ ಮನುಷ್ಯರ ಅಳವು ಮೀರಿದ ಪರಾಕ್ರಮಕ್ಕೂ ಇದನ್ನೇ ಹೇಳುತ್ತಿದ್ದರು. ಈಗ ಕ್ರೌರ್ಯಕ್ಕೆ ಮಾತ್ರ ಉಳಿದಿದೆ. ಪತ್ರಿಕೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ದಿನವೂ ಇರುತ್ತದೆ. ಓದಿದವರು ಅಯ್ಯೋ ಎಂದು, ಅದು ಬೇರೆ ಯಾವುದೋ ಜಾತಿಯ ಪ್ರಾಣಿ ಮಾಡಿದ ಕೆಲಸವೆಂಬಂತೆ, ಹಾಳೆ ಮಗುಚುತ್ತಾರೆ.

ನಡೆದದ್ದು ಇಷ್ಟು. ನಿಮ್ಮ ಆಫೀಸಿನ ಗೆಳೆಯರ ಮುಂದೆ ನಾನು ನಿಮ್ಮ ಒಂದು ಮಾತು ತಿದ್ದಿದೆ. ಅಂದಿನಿಂದ ನೀವು ನನ್ನೊಂದಿಗೆ ಮಾತು ಬಿಟ್ಟಿರಿ. ನಿಮ್ಮ ಮನೆತನದಲ್ಲಿ ಅದು ಹೊಸದೇನಲ್ಲ. ನಿಮ್ಮ ಅಪ್ಪ ನೀಲಪ್ಪನವರೂ ಹಾಗೆಯೇ ಇದ್ದರಂತೆ. ನಾನು ಎದುರಿಗಿದ್ದರೂ ನೀವು ಅತ್ತೆಯ ಕಡೆ ತಿರುಗಿ, “ಯವ್ವಾ, ಚಾ ಆತೇನು ಕೇಳ ಅಕಿನ್ನ” ಎನ್ನುತ್ತಿದ್ದಿರಿ. ಅತ್ತೆ, “ನನ್ನೇನ್ ಟಪಾಲಿನಂವ ಅಂತ ತಿಳದೀಯೇನ್ ಖೋಡಿ” ಎಂದು ಬೈಯುತ್ತಲೇ ನನಗೆ ಅದನ್ನು ಮುಟ್ಟಿಸುತ್ತಿದ್ದರು. ಹಾಗೆಯೇ ಸಂಸಾರ ಸಾಗಿತು.

ಅತ್ತೆ ಮಗಳ ಮನೆಗೆಂದು ಕುಂದಗೋಳಕ್ಕೆ ಹೋಗಿದ್ದ ದಿನ ನನ್ನ ಅಪ್ಪ ಸತ್ತೂರಿನ ಆಸ್ಪತ್ರೆಯಲ್ಲಿದ್ದ. ನನ್ನ ಫೋನು ರಿಪೇರಿಗೆ ಹೋಗಿತ್ತು. ಮಧ್ಯಾಹ್ನ ತಮ್ಮ ರಾಜೀವ ನಿಮಗೆ ಫೋನ್ ಮಾಡಿ, “ಮಾಮಾ, ಅಪ್ಪ ಅಕ್ಕನ್ನ ಕೇಳಾಕತ್ತಾನ. ಲಗೂನ ಕಳಸ್ರಿ” ಎಂದ. ನೀವು ಹ್ಞೂಂ ಎಂದಿರಿ. ಕಾಲೇಜಿನಿಂದ ಬಂದ ನಾನು ರೊಟ್ಟಿ ಬಡಿದೆ. ನೀವು ಉಂಡಿರಿ. ಮಜ್ಜಿಗೆಗೆ ಕೈ ಸನ್ನೆ ಮಾಡಿದಿರಿ. ನಾನು ಮಜ್ಜಿಗೆ ಹಾಕಿದೆ. ಚಿಗರಿ ಬಸ್ಸು ಹತ್ತಿದ್ದರೆ ಸತ್ತೂರು ಅರ್ಧ ತಾಸು. ಸಂಜೆ ರಾಜೀವನೇ ಗಾಡಿ ತಗೊಂಡು ಬಂದು ಬಾಗಿಲಲ್ಲಿ ನಿಂತ. ನಿಮಗೆ ಫೋನ್ ಮಾಡಿದ್ದು ಅವನಿಂದಲೇ ತಿಳಿಯಿತು. ಅಷ್ಟೊತ್ತಿಗೆ ಅಪ್ಪ ಇರಲಿಲ್ಲ.

ನಾನು ಬಹಳ ಯೋಚಿಸಿದ್ದೇನೆ. ನಿಮಗೆ ನನ್ನ ಅಪ್ಪನ ಮೇಲೆ ಸಿಟ್ಟಿರಲಿಲ್ಲ. ಆ ಸುದ್ದಿ ಹೇಳುವುದಕ್ಕೆ ಮನೆಯಲ್ಲಿ ಮೂರನೆಯವರು ಇರಲಿಲ್ಲ, ಅಷ್ಟೇ. ನನಗೇ ಹೇಳಿದ್ದರೆ ನೀವು ಸೋತಂತಾಗುತ್ತಿತ್ತು.

ಆದ್ದರಿಂದ ಅಮಾನುಷ ಎಂಬುದನ್ನು ಪೆನ್ನಿನಿಂದ ಹೊಡೆದು ಹಾಕಿದೆ. ಮನೆಗೆ ಬೆಂಕಿ ಬಿದ್ದರೆ ಕಟ್ಟಿದ ಎಮ್ಮೆಯೂ ಒದರುತ್ತದೆ. ಗೊತ್ತಿದ್ದೂ ಬಾಯಿ ಮುಚ್ಚಿ ಉಣ್ಣುವುದು ಮನುಷ್ಯನಿಗೆ ಮಾತ್ರ ಸಾಧ್ಯ. ಹೊಡೆತ ಬಡಿತಗಳನ್ನೂ ತೆಗೆಸಿದೆ. ಮೇಲೆ ಬರೆದದ್ದನ್ನಷ್ಟೇ ಅರ್ಜಿಯಲ್ಲಿ ಇಡಿಸಿದ್ದೇನೆ. ಇದು ಕ್ರೌರ್ಯವೆಂದು ನ್ಯಾಯಾಲಯ ಒಪ್ಪದಿದ್ದರೆ ನಿಮ್ಮ ಹೆಂಡತಿಯಾಗಿಯೇ ಉಳಿಯಬೇಕಾದೀತು. ಆ ಭಯ ಇದೆ. ಆದರೂ ಇಲ್ಲದ ಏಟು ಬರೆಸಿದರೆ ಇದ್ದದ್ದು ಮರೆಯಾಗುತ್ತದೆ.

ಇನ್ನೊಂದು ದಾರಿಯೂ ಇದೆ. ಇಬ್ಬರೂ ಒಪ್ಪಿ ಅರ್ಜಿ ಹಾಕಿದರೆ ಇದನ್ನೆಲ್ಲ ಯಾರ ಮುಂದೂ ಓದಬೇಕಾಗಿಲ್ಲ. ಬರುವ ಶನಿವಾರದೊಳಗೆ ತಿಳಿಸಿ. ಈ ಪತ್ರದಲ್ಲಿ ಸುಳ್ಳಿದ್ದರೆ ಅದನ್ನೂ ತಿಳಿಸಿ, ತಿದ್ದಿಕೊಳ್ಳುತ್ತೇನೆ.

ಇಷ್ಟೇ ಹೇಳುವುದಿತ್ತು.

ಸುಜಾತಾ

ತಾ.ಕ.: ಅತ್ತೆ ಕುಂದಗೋಳದಲ್ಲಿದ್ದಾರೆಂದು ನೀವು ಅಂದುಕೊಂಡಿರಬೇಕು. ಗುರುವಾರವೇ ಕೈಚೀಲ ಹಿಡಿದು ಇಲ್ಲಿಗೆ ಬಂದಿದ್ದಾರೆ. ಆ ದಿನ ರಾಜೀವ ನಿಮಗೆ ಫೋನ್ ಮಾಡಿದ್ದು ಅವರಿಗೆ ಇಷ್ಟು ದಿನ ಗೊತ್ತಿರಲಿಲ್ಲ. ಬುಧವಾರ ಅವನ ಬಾಯಿಂದಲೇ ಕೇಳಿದರಂತೆ. “ನಾ ಮನ್ಯಾಗ ಇದ್ದಿದ್ರ ನನ್ನ ಮುಂದರ ಅಂವ ಹೇಳ್ತಿದ್ನಲ್ಲವಾ” ಎಂದು ಒಮ್ಮೆ ಕೇಳಿದರು. ನಿಮ್ಮೊಂದಿಗೆ ಅವರು ಮಾತು ಬಿಟ್ಟಿದ್ದಾರೆ. ಏನಾದರೂ ಹೇಳುವುದಿದ್ದರೆ ನನಗೆ ಹೇಳಿ, ನಾನು ಮುಟ್ಟಿಸುತ್ತೇನೆ.