ನಿನ್ನ ಹೊಲಕ್ಕೇ ನೀರು ಬಿಡದ ಪೆಟ್ಟಿಗೆ

ನನ್ನ ಹಟಮಾರಿ ಅಕ್ಕನಿಗೆ,

ಕುಳಿತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹುಕ್ಕೇರಿಯ ನನ್ನ ರಿಪೇರಿ ಅಂಗಡಿಯಲ್ಲಿ ಗಿರಾಕಿಗಳ ಟಿ.ವಿ. ಬೋರ್ಡುಗಳು ಬಿಚ್ಚಿದ ಹಾಗೇ ಬಿದ್ದಿವೆ. ಕೈ ಮಾತ್ರ ಮತ್ತೆ ಮತ್ತೆ ಫೋನಿನ ಕಡೆಗೇ ಹೋಗುತ್ತದೆ, "ಅಕ್ಕಾ, ಮೆಮೊರಿ ಸಾಲವಲ್ದು, ಏನ ಮಾಡಲಿ?" ಎಂದು ಹಿಂದಿನ ಹಾಗೇ ನಿನ್ನನ್ನು ಕೇಳಲು. ನೀನು ಹೋಗಿ ಇಷ್ಟು ದಿನವಾದರೂ ಬೆರಳುಗಳಿಗೆ ಬುದ್ಧಿ ಬಂದಿಲ್ಲ ನೋಡು.

ನಿಡಸೋಸಿಯ ಕಾಲೇಜಿನಿಂದ ಬಸ್ಸಿನಲ್ಲಿ ಬರುವಾಗಲೂ ನಮ್ಮದು ಇದೇ ಜಗಳ ಅಲ್ಲವೇ? ಉಗುರಿನಷ್ಟು ಚಿಪ್, ಅದರೊಳಗೆ ಪೈಥಾನ್ ಭಾಷೆಯ ಪ್ರೋಗ್ರಾಂ ಓಡಿಸುತ್ತೇನೆ ಎಂಬ ನಿನ್ನ ಹಟ. ಸಿ ಭಾಷೆಯಲ್ಲಿ ಬರೆದರೆ ಅರ್ಧ ಜಾಗದಲ್ಲಿ ಮುಗಿಯುತ್ತದೆ ಎಂದರೆ, "ಉಳದ ಜಾಗಾ ಏನ ಮಾಡ್ತಿ? ಪ್ಲಾಟ್ ಹಾಕಿ ಮಾರ್ತಿಯೇನ?" ಎಂದು ನಗುತ್ತಿದ್ದೆ. "ನಾ ಬರದದ್ದು ಮತ್ತೊಬ್ಬರಿಗೆ ತಿಳೀಬೇಕು. ಹೊಲದಾಗ ನಿಂತು ತಿದ್ದಾಕ ಬರಬೇಕು" ಅನ್ನುತ್ತಿದ್ದೆ. ನನಗೆ ಮೈ ಉರಿಯುತ್ತಿತ್ತು. ಹೊಲದಲ್ಲಿ ನಿಂತು ಪ್ರೋಗ್ರಾಂ ತಿದ್ದುವವರು ಯಾರು ಮಹಾ?

ನಿನ್ನ ಗಂಡನ ಊರು ಮೇಲವಂಕಿಯಲ್ಲಿ ನೀನು ನೀರಿನ ಮೋಟರಿಗೆ ಆ ಚಿಪ್ಪಿನ ಪೆಟ್ಟಿಗೆ ಕೂರಿಸಿದ ದಿನ ನೆನಪಾಗುತ್ತದೆ. ನಾಲ್ಕು ಮನೆಗಳಿಗೆ ಹೊಳೆದಂಡೆಯಲ್ಲಿ ಒಂದೇ ಮೋಟರು, ಪಾಳಿಯ ಮೇಲೆ ನೀರು. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ನೀರು ಕದ್ದರೆಂದು ಸದಾ ಬಾಯಿ ಬಾಯಿ. ನೀನು ಮನೆಗೊಂದು ಪ್ಲಾಸ್ಟಿಕ್ ಬಿಲ್ಲೆ ಕೊಟ್ಟೆ. ಪಾಳಿ ಇದ್ದವರು ಬಿಲ್ಲೆ ಮುಟ್ಟಿಸಿದರೆ ಮೋಟರು ಶುರುವಾಗಿ ಅವರ ಹೊಲದ ವಾಲ್ವ್ ತೆರೆಯುತ್ತದೆ. ಬೇರೆಯವರು ಮುಟ್ಟಿಸಿದರೆ ಕೆಂಪು ದೀಪ. ಜಗಳ ನಿಂತೇಹೋಯಿತು. "ನಮ್ಮಕಿ ಮಾಡಿದ್ದರಿ ಇದು" ಎಂದು ನಿನ್ನ ಗಂಡ, ನಮ್ಮ ಮಾಮಾ, ಮೂಡಲಗಿಯ ಸಂತೆಯಲ್ಲೂ ಸಾರಿಕೊಂಡು ಬಂದರು.

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಮನೆಯವರು ಯಾರೂ ಹೊಲದ ಕಡೆ ಹೋಗಲಿಲ್ಲ. ಸೂತಕದಲ್ಲಿ ಹೋಗುವಂತಿಲ್ಲ. ಸಾವಿನ ಮನೆಯ ಪಾಳಿಯ ನೀರನ್ನು ಬಾಜೂ ಹೊಲದವರು ಬಿಡಬೇಕು, ಅದು ಅಲ್ಲಿಯ ಪದ್ಧತಿ, ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಬಾಜೂ ಹೊಲದ ಭೀಮಪ್ಪ ಕಾಕಾ ಹೋಗಿ ತಮ್ಮ ಬಿಲ್ಲೆ ಮುಟ್ಟಿಸಿದರು. ಕೆಂಪು ದೀಪ. ನಿಮ್ಮ ಬಿಲ್ಲೆ ಮನೆಯೊಳಗಿತ್ತು, ಸೂತಕದ ಮನೆಯಿಂದ ಕಡ್ಡಿಯನ್ನೂ ಹೊರಗೆ ಒಯ್ಯುವುದಿಲ್ಲ. ನೀನು ಮಾಡಿದ ಪೆಟ್ಟಿಗೆಯ ವೈರು ಕೀಳಲು ಅವರಿಗೆ ಮನಸ್ಸು ಬರಲಿಲ್ಲ. ದಿನಕರ್ಮದ ಊಟಕ್ಕೆ ಕುಳಿತಾಗ ಹೇಳಿದರು: "ತಂಗೀ, ನಿಮ್ಮಕ್ಕನ ಪೆಟ್ಟಿಗಿ ನಿಮ್ಮಕ್ಕನ ಹೊಲಕ್ಕ ನೀರ ಕೊಡಲಿಲ್ಲವಾ. ಅರಿಷಿಣ ಬಾಡೇತಿ." ಕಳ್ಳನನ್ನು ತಡೆಯಲು ಅಷ್ಟೆಲ್ಲ ತಲೆ ಓಡಿಸಿದ ನಮಗೆ ಭೀಮಪ್ಪ ಕಾಕಾ ಯಾಕೆ ನೆನಪಾಗಲಿಲ್ಲ? ಸಾವೊಂದು ಬರುತ್ತದೆ ಎಂದು ನಾವು ಎಣಿಸಿಯೇ ಇರಲಿಲ್ಲ…

ಮರುದಿನ ಮೋಟರ್ ಮನೆಯ ಮುಂದೆ ಎಲ್ಲರೂ ಕೂಡಿದರು. "ಬರೂ ಅಮಾಸಿ ತನಕ ನೋಡ್ತೇವಿ, ಅಷ್ಟರಾಗ ತಿದ್ದಿ ಕೊಡು. ಆಗಲಿಲ್ಲಂದ್ರ ಕಿತ್ತಿಡ್ತೇವಿ, ಬ್ಯಾಸರಾ ಮಾಡ್ಕೋಬ್ಯಾಡವಾ" ಎಂದರು ಕಾಕಾ. ನಾನು ಹೂಂ ಎಂದೆ. ಒಬ್ಬರೇ ನೀರು ಕದಿಯದಂತೆ, ಎರಡೂ ಬದಿಯ ಹೊಲದವರು ಸೇರಿ ಬಿಲ್ಲೆ ಮುಟ್ಟಿಸಿದರೆ ನಡುವಿನ ಹೊಲಕ್ಕೆ ನೀರು ಬಿಡಬೇಕು, ಅಷ್ಟೇ ತಾನೇ? ಬರೆದು ಹಾಕಿದೆ. ಮೆಮೊರಿ ಸಾಲದೆ ಪೆಟ್ಟಿಗೆ ನಿಂತಿತು, ತಾನಾಗಿ ಶುರುವಾಯಿತು, ಮತ್ತೆ ನಿಂತಿತು. ಕಾಲಿಡಲು ಜಾಗವಿಲ್ಲದಂತೆ ತುಂಬಿಸಿಟ್ಟು ಹೋಗಿದ್ದೀಯಲ್ಲ ನಮ್ಮವ್ವಾ! ಸಿಟ್ಟು ಬಂತು, ಅಳುವೂ ಬಂತು. ಎಲ್ಲ ಅಳಿಸಿ ಸಿಯಲ್ಲಿ ಬರೆದುಬಿಡಲೇ? ಬೇಗ ಆಗುತ್ತಿತ್ತು. ಆದರೆ ಆ ಪೆಟ್ಟಿಗೆಯಲ್ಲಿ ನೀನು ಬರೆದದ್ದು ಒಂದಕ್ಷರವೂ ಉಳಿಯುತ್ತಿರಲಿಲ್ಲ. ಹಳೆಯದನ್ನೇ ತಿರುಗಿ ಹಾಕಿ ಬಂದೆ.

ಹೋಳಿಗೆ ಮಾಡುವ ದಿನ ಅವ್ವ ಮೊದಲು ಒಲೆಯ ಕಟ್ಟೆ ಖಾಲಿ ಮಾಡಿಸುತ್ತಿದ್ದಳು, ನೆನಪಿದೆಯೇ? ನಿನ್ನ ಚಿಪ್ಪಿನಲ್ಲೂ ಅದನ್ನೇ ಮಾಡಿದೆ. ಕರೆಂಟು ಬಂದಾಗಲೆಲ್ಲ ನಿನ್ನ ಫೈಲುಗಳನ್ನು ಪೆಟ್ಟಿಗೆ ಹೊಸದಾಗಿ ಓದಿ, ತನ್ನ ಭಾಷೆಗೆ ತಿರುಗಿಸಿ, ಇರುವ ಚೂರು ಕೆಲಸದ ಮೆಮೊರಿಯಲ್ಲೇ ಹರವಿಕೊಳ್ಳುತ್ತಿತ್ತು. ಅವನ್ನು ಮೊದಲೇ ತಿರುಗಿಸಿ, ಚಿಪ್ಪಿನ ಮೂಲ ಪ್ರೋಗ್ರಾಂ ಆದ ಫರ್ಮ್‌ವೇರಿನ ಜೊತೆ ಕಾಯಂ ಮೆಮೊರಿಯಲ್ಲಿ ಇಟ್ಟೆ. ಪೈಥಾನಿನಲ್ಲಿ ನಾವು ಎಂದೂ ಮುಟ್ಟದ ಭಾಗಗಳನ್ನು ಕಿತ್ತುಹಾಕಿದೆ. ಒಂದು ಕಿತ್ತರೆ ಇನ್ನೊಂದು ಮುರಿಯುತ್ತಿತ್ತು. ನಿನ್ನ ಪಾಳಿಯ ನೀರು ಬಿಡಲು ಆಗ ನಾನೇ ಊರಿಗೆ ಬಂದು ನಿಮ್ಮ ಮನೆಯ ಬಿಲ್ಲೆ ಮುಟ್ಟಿಸುತ್ತಿದ್ದೆ. ಗೋಕಾಕದ ಬಸ್ಸಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬಳೇ ಬೈದುಕೊಳ್ಳುತ್ತಿದ್ದರೆ ಬಾಜೂ ಕುಳಿತ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಹೀಗೆ ಇಟ್ಟದ್ದನ್ನು ಹೊಲದಲ್ಲಿ ನಿಂತು ತಿದ್ದಲಾಗುವುದಿಲ್ಲ, ಗೊತ್ತು. ಅದಕ್ಕೇ ಪಾಳಿಯ ನಿಯಮಗಳಿರುವ ಫೈಲೊಂದನ್ನು ಮಾತ್ರ ನೀನಿಟ್ಟ ಹಾಗೇ ಹೊರಗೆ ಬಿಟ್ಟೆ. ಈ ಜಗಳದಲ್ಲಿ ನೀನೇ ಗೆದ್ದೆ, ಸಮಾಧಾನವಾಯಿತೇ?

ಅಮಾವಾಸ್ಯೆ ಹತ್ತಿರ ಬಂದಾಗ ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಕೊನೆಯ ಸಲ ನೋಡುತ್ತಿದ್ದೆ. ಮಾಮಾ ಬಂದು ಪಕ್ಕದಲ್ಲಿ ಕುಳಿತರು. ನೀನು ಹೋದಂದಿನಿಂದ ಅವರು ಯಾರ ಪಕ್ಕದಲ್ಲೂ ಕೂರುತ್ತಿರಲಿಲ್ಲ. ನಿಯಮದ ಫೈಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ಹನ್ನೊಂದು ಯಾಕ?"

"ಸೂತಕದ ದಿನಾರಿ ಮಾಮಾ. ಅಷ್ಟು ದಿನ ಬಾಜೂದವರ ಬಿಲ್ಲೆಗೆ ತೆರಿತೈತಿ."

"ಹನ್ನೆರಡನೇ ದಿನಾ?"

"ಮತ್ತ ಮನಿಯವರೇ ಬರಬೇಕ್ರಿ."

ಮಾಮಾ ಆ ಸಂಖ್ಯೆಯ ಮೇಲಿನಿಂದ ಬೆರಳು ತೆಗೆಯಲಿಲ್ಲ. ಆಮೇಲೆ ಕೇಳಿದರು: "ಹನ್ನೆರಡಕ್ಕ ಎದ್ದು ಹೊಲಕ್ಕ ಹೋಗಾಕ ಆಗತೈತಿ ಅಂತ ನಿನಗ್ಯಾರು ಹೇಳಿದ್ರವಾ?"

ಅವರೇ ಲ್ಯಾಪ್‌ಟಾಪ್ ತಮ್ಮ ಕಡೆ ಎಳೆದುಕೊಂಡು, ಒಂದೇ ಬೆರಳಿನಲ್ಲಿ ಆ ದಿನದ ಲೆಕ್ಕವನ್ನು ಅಳಿಸಿ, ಅಲ್ಲಿ ಬೇರೆ ಸಾಲು ಬರೆದರು. ಮನೆಯವರು ತಾವಾಗಿ ಬಂದು ಬಿಲ್ಲೆ ಮುಟ್ಟಿಸುವವರೆಗೆ ಎಂದಾಯಿತು ನಿಯಮ. "ಹಿಂಗ ಬರದ್ರ ನಡೀತೈತೆಲ್ಲ?" ಎಂದರು. ನಡೆಯಿತು ಅಕ್ಕಾ, ಒಂದು ತಪ್ಪೂ ಇಲ್ಲದೆ. ಇದನ್ನೆಲ್ಲ ಅವರಿಗೆ ಯಾವಾಗ ಕಲಿಸಿದ್ದೆ ನೀನು? ನನಗೊಂದು ಮಾತೂ ಹೇಳದೆ…

ಅಮಾವಾಸ್ಯೆ ಬಂದು ಹೋಯಿತು, ಪೆಟ್ಟಿಗೆಯನ್ನು ಯಾರೂ ಕೀಳಲಿಲ್ಲ. ಅರಿಸಿನ ಚೇತರಿಸಿಕೊಂಡಿದೆ, ಪೂರ್ತಿ ಅಲ್ಲ, ಹೊಳೆಯ ಕಡೆಯ ಸಾಲುಗಳು ಮಾತ್ರ. ನಿನ್ನ ಪಾಳಿ ಬಂದಾಗಲೆಲ್ಲ ಭೀಮಪ್ಪ ಕಾಕಾ ಮತ್ತು ಆಚೆ ಹೊಲದ ಯಲ್ಲವ್ವಕ್ಕ ಕೂಡಿಯೇ ಹೋಗಿ ಬಿಲ್ಲೆ ಮುಟ್ಟಿಸಿ ಬರುತ್ತಾರೆ. ಮಾಮಾ ಇನ್ನೂ ಹೊಲಕ್ಕೆ ಹೋಗಿಲ್ಲ. ಯಾವಾಗ ಹೋಗುತ್ತೀರಿ ಎಂದು ನಾವು ಯಾರೂ ಕೇಳುವುದಿಲ್ಲ. ನಿನ್ನ ಪೆಟ್ಟಿಗೆಯೂ ಈಗ ಕೇಳುವುದಿಲ್ಲ.

ನಿನ್ನ ತಂಗಿ