ಕಿಶೋರನ ಬಂದೂಕಿನ ಹಿತ್ತಾಳೆ

18 ಆಗಸ್ಟ್, ಸೋಮವಾರ. ವಡೋದರಾ

ಮಾದರಿಗೆ ಏಳು ಹಿತ್ತಾಳೆ ತುಂಡು, ಏಳು ಬಣ್ಣ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೇನೆ. ಮೊದಲನೆಯದು ಕನ್ನಡಿಯಂತೆ. ನಡುವಿನದು ಜೇನು ಬಣ್ಣ. ಕೊನೆಯದು ಸುಟ್ಟ ಬೆಲ್ಲ. ಕಬ್ಬಿಣಕ್ಕೆ ಬೇರೆ ಎರಡು — ಕಂದು, ನೀಲಿ. ಎಲ್ಲ ಕಿಶೋರನ ಬಂದೂಕಿಗೆ.

ತಮ್ಮನಿಗೆ ನಲವತ್ತಾರು. ಸೂರತ್‌ನಲ್ಲಿ ಇನ್ಶೂರೆನ್ಸ್ ಆಫೀಸರ್. ಲಿವರ್ ಕ್ಯಾನ್ಸರ್. ಮೊದಲ ಕೀಮೋ ಆದ ಮೇಲೆ ಮನೆಯಲ್ಲಿ ಕೂತು ಮರ ಕೆತ್ತಲು ಶುರು ಮಾಡಿದ. ಅಜ್ಜನ ಹತ್ತಿರ ಇದ್ದಂಥದೇ, ಬಾಯಿಂದ ಮದ್ದು ತುಂಬುವ ಉದ್ದ ಬಂದೂಕು. ನಳಿಗೆಯ ಜಾಗದಲ್ಲಿ ಗಟ್ಟಿ ಸರಳು, ತೂತಿಲ್ಲ. ಪೊಲೀಸರ ಕಾಟ ಬೇಡ ಅಂತ. ಮರದ ಕೆಲಸ ಮುಗಿಸಿದ್ದಾನೆ. ಲೋಹದ ಅಲಂಕಾರ ನನ್ನ ಪಾಲಿಗೆ. ಕುದುರೆ, ಅಂದರೆ ಟ್ರಿಗರ್, ಸುತ್ತಿನ ಬಳೆ; ಹಿಡಿಯ ಹಿಂದಿನ ತಗಡು; ಮದ್ದು ತುಂಬುವಾಗ ಬೇಕಾಗುವ ಬಟ್ಟೆಚೂರು ಇಡುವ ಗೂಡಿನ ಮುಚ್ಚಳ. ಮುಚ್ಚಳದ ಮೇಲೊಂದು ಬೆಳ್ಳಿ ನಕ್ಷತ್ರ.

ಖಂಡೇನವಮಿಯ ಆಯುಧಪೂಜೆಗೆ ಇಡಬೇಕಂತೆ. ಅಕ್ಟೋಬರ್ ಒಂದು. ಆರು ವಾರ ಇದೆ, ಸಾಕು.

ಸಂಜೆ ಫತೇಗಂಜಿನ ಒಂದು ಪಾರ್ಸಿ ಮನೆಯವರ ದೀಪದ ಸಮೆಗಳು ವಾಪಸು ಹೋದವು. ಜೊತೆಗೆ ನನ್ನ ಮಾಮೂಲಿ ಚೀಟಿ: ಹುಣಸೆಹಣ್ಣು ಹಚ್ಚಬೇಡಿ. ತಿಕ್ಕಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಹಳೆಯ ಲೋಹ ಕಾಪಾಡುವುದೇ ಹೊಟ್ಟೆಪಾಡಾಗಿ ಇಪ್ಪತ್ತೆಂಟು ವರ್ಷ. ಚೀಟಿ ಇಲ್ಲದೆ ಒಂದು ಚಮಚವೂ ಇಲ್ಲಿಂದ ಹೊರಗೆ ಹೋಗಿಲ್ಲ.

24 ಆಗಸ್ಟ್, ಭಾನುವಾರ. ಸೂರತ್

ಅಡಾಜಣ್, ಕಿಶೋರನ ಮನೆ. ಬಾಲ್ಕನಿಯಲ್ಲಿ ಕೂತಿದ್ದ. ಕಾಲು ಬಾತಿವೆ. ತುಂಡುಗಳನ್ನು ತೊಡೆಯ ಮೇಲೆ ಹರವಿದೆ. ಯೋಚನೆಯನ್ನೇ ಮಾಡಲಿಲ್ಲ, ಕನ್ನಡಿಯಂಥದ್ದನ್ನು ಎತ್ತಿಕೊಂಡ.

“ಇದು ನೋಡಕ್ಕಾ. ಫಳಫಳ ಹೊಳೀಬೇಕು.”

“ಮದವಿ ಬ್ಯಾಂಡಿನ ತುತ್ತೂರಿ ಮಾಡಾಕ ಹೊಂಟಿಯೇನು? ಇಂಥಾ ಬಂದೂಕಿಗೆ ಹಳೇ ಹಿತ್ತಾಳೀನ ಚೆಂದ. ನೂರು ವರ್ಷ ಕೈಯಾಗ ಆಡಿದಂಗ ಕಾಣಬೇಕು.”

“ಖಂಡೇ ಪೂಜಿಗೆ ಅಜ್ಜಿ ಹುಣಸೀಹಣ್ಣು ಹಚ್ಚಿ ತಿಕ್ಕತಿದ್ಲಲ್ಲ... ಅದರಾಗ ನಮ್ಮ ಮಾರಿ ಕಾಣತಿತ್ತು. ನೆನಪಿಲ್ಲೇನ ನಿನಗ?”

ನೆನಪಿದೆ. ಹಾಗೆ ತಿಕ್ಕಿ ತಿಕ್ಕಿಯೇ ಅಜ್ಜನ ಬಂದೂಕಿನ ಕೆತ್ತನೆ ಪೂರ್ತಿ ಸವೆದುಹೋಗಿತ್ತು ಎಂದೆ. ಒಂದು ಸಣ್ಣ ಲೆಕ್ಚರನ್ನೇ ಕೊಟ್ಟೆ. ನಕ್ಕ.

“ನೀ ಹೇಳಿದ್ದು ಖರೇನ ಇರ್ತೈತಿ ಬಿಡು.”

ಒಪ್ಪಿದ ಎಂದುಕೊಂಡೆ.

2 ಸೆಪ್ಟೆಂಬರ್. ಅಹಮದಾಬಾದ್

ಸ್ಕ್ಯಾನ್. ಡಾಕ್ಟರ್ ಕಿಶೋರನನ್ನು ಹೊರಗೆ ಕೂರಿಸಿ ನನ್ನನ್ನೂ ಅವನ ಹೆಂಡತಿ ರಚನಾಳನ್ನೂ ಒಳಗೆ ಕರೆದರು. ಇನ್ನು ಕೀಮೋ ಬೇಡ. ಮನೆಗೆ ಕರೆದುಕೊಂಡು ಹೋಗಿ. “ದಸರಾ ತನಕ?” ಎಂದೆ. ಅವರು ಪೆನ್ನಿನ ಕ್ಯಾಪ್ ಹಾಕಿದರು, ತೆಗೆದರು. ರಚನಾ ಫೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಅಳಲಿಲ್ಲ.

ಗಂಡ ಹೆಂಡತಿಯನ್ನು ಕಾರು ಹತ್ತಿಸಿ ಆಟೋದಲ್ಲಿ ರಖಿಯಾಲ್‌ಗೆ ಹೋದೆ. ಪಾಲಿಶ್ ಅಂಗಡಿಯ ಹಸಮುಖ್‌ಭಾಯ್ ನಕ್ಷತ್ರ ಕೂರಿಸಿಟ್ಟಿದ್ದರು. ಮುಚ್ಚಳಕ್ಕೆ ಹಳೆಯ ಬಣ್ಣ ಹಿಡಿಸುತ್ತೇನೆ ಎಂದದ್ದಕ್ಕೆ ಹುಬ್ಬು ಗಂಟಿಕ್ಕಿದರು. “ನವುಂ ಛೇ ತೋ ನವುಂ ಲಾಗ್‌ವುಂ ಜೋಯಿಏ, ಬೇನ್.” ಹೊಸದು ಹೊಸದಾಗೇ ಕಾಣಬೇಕಂತೆ. ಪಾಪ, ಅವರಿಗೇನು ಗೊತ್ತು ಅಂತ ನಕ್ಕು ಬಂದೆ.

6 ಸೆಪ್ಟೆಂಬರ್. ವಡೋದರಾ

ಪ್ಲಾಸ್ಟಿಕ್ ಡಬ್ಬ. ಕೆಳಗೆ ಬಟ್ಟಲಲ್ಲಿ ಅಮೋನಿಯಾ, ಮೇಲೆ ದಾರದಲ್ಲಿ ಮೂರೂ ಹಿತ್ತಾಳೆ ಭಾಗ. ಬಿಗಿಯಾಗಿ ಮುಚ್ಚಿ ಆವಿಯಲ್ಲಿ ಒಂಬತ್ತು ಗಂಟೆ. ತೆಗೆದಾಗ — ಜೇನು ಬಣ್ಣ. ಅಂಚಿನಲ್ಲಿ ಇನ್ನೂ ಒಂದು ಚೂರು ಗಾಢ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ತಮ್ಮ ಸಾಯುತ್ತಿದ್ದಾನೆ, ನನಗೆ ಖುಷಿಯಾಯಿತು. ಬರೆಯಲು ನಾಚಿಕೆ. ಆದರೂ ಆಯಿತು.

14 ಸೆಪ್ಟೆಂಬರ್. ಸೂರತ್

ಮುಚ್ಚಳವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಕಣ್ಣು ಅರಿಶಿನ.

“ಆರು ತಿಂಗಳದಾಗ ನಾ ಮುದುಕ ಆದೆ. ಇದನ್ನೂ ಮುದುಕನ್ನ ಮಾಡಿ ತಂದ್ಯಲ್ಲಕ್ಕಾ.”

ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಹಳೇದಾಗೂದನ್ನ ನೀವು ಹೆಂಗೂ ನೋಡ್ತೀರಿ. ನಾ ಹೊಸಾದು ನೋಡಿ...” ಅಲ್ಲಿಗೇ ಬಿಟ್ಟು ಗೋಡೆಯ ಕಡೆ ಹೊರಳಿದ.

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇವಳು ತಜ್ಞೆಯಂತೆ! ಸಾಯುವವನು ಬಾಯಿಬಿಟ್ಟು ಕೇಳಿದ್ದು ಕೇಳಿಸದ ತಜ್ಞೆ. ಥೂ.

23 ಸೆಪ್ಟೆಂಬರ್. ವಡೋದರಾ

ಜ್ವರದಲ್ಲಿ ಒಂದು ವಾರ ಹೋಯಿತು. ಹೊರಗೆ ಗರ್ಬಾ ಸ್ಪೀಕರ್, ಕಿಟಕಿ ಗಾಜು ನಡುಗುತ್ತಿವೆ.

ಬಣ್ಣ ಕೀಳಲು ಮುಚ್ಚಳವನ್ನು ಆಸಿಡ್‌ಗೆ ಹಾಕಿದೆ. ಆಗಲೇ ರಚನಾಳ ಫೋನ್: ಬೆಳಿಗ್ಗೆಯಿಂದ ಮಂಪರು, ಅವಳನ್ನೇ ಅವ್ವಾ ಅವ್ವಾ ಅಂತ ಕರೆಯುತ್ತಿದ್ದಾನೆ. ಫೋನ್ ಇಟ್ಟು ತಿರುಗಿ ನೋಡಿದರೆ ಮುಚ್ಚಳ ಗುಲಾಬಿ. ಬೆಳ್ಳಿ ನಕ್ಷತ್ರವೂ ಗುಲಾಬಿ.

ಕೀಲಿನ ಕಬ್ಬಿಣದ ತಿರುಪು ಬಿಚ್ಚಿಯೇ ಇರಲಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳುವ ಪಾಠ: ಆಸಿಡ್‌ಗೆ ಕಬ್ಬಿಣ ಹೋಗಕೂಡದು, ಹೋದರೆ ಅದರಲ್ಲಿ ಕರಗಿರುವ ತಾಮ್ರವೆಲ್ಲ ಬಂದು ವಸ್ತುವಿನ ಮೇಲೆ ಕೂರುತ್ತದೆ. ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ. ನಾನೇ.

ಪೂಜೆಗೆ ಎಂಟೇ ದಿನ.

28 ಸೆಪ್ಟೆಂಬರ್

ಉಳಿದೆರಡು ಭಾಗಕ್ಕೆ ಪಾಲಿಶ್ ಮಷಿನ್ ಸಾಕಾಯಿತು; ಮುಚ್ಚಳಕ್ಕೆ ಇಟ್ಟರೆ ನಕ್ಷತ್ರದ ಮೊನೆ ಹಾರುತ್ತದೆ. ಕೈಯಲ್ಲೇ. ನೀರು, ಸಣ್ಣ ಮರಳುಕಾಗದ, ಇನ್ನೂ ಸಣ್ಣ ಕಾಗದ. ಐದು ದಿನ. ಬೆರಳ ತುದಿ ಒಡೆದಿವೆ. ತಾಮ್ರ ಹೋಯಿತು, ಆದರೂ ಮಂಕು.

ಅಡುಗೆಮನೆಯಿಂದ ಹುಣಸೆಹಣ್ಣು ತಂದೆ. ಚಿಟಿಕೆ ಉಪ್ಪು. ಅಜ್ಜಿಯ ಹಾಗೆ ಹೆಬ್ಬೆರಳಿನಿಂದ ತಿಕ್ಕಿದೆ. ತೊಳೆದು ಒರೆಸಿದಾಗ ಮಾರಿ ಕಂಡಿತು. ಅಜ್ಜಿಯದೇ ಮೂಗು.

ಹೊಳಪು ಕಾಯುವ ಲ್ಯಾಕರ್ ಹೊಡೆಯಲು ಸಮಯವಿಲ್ಲ. ಹಾಗೇ ಒಯ್ಯುತ್ತೇನೆ. ತಡೀ ಕಿಶೂ. ಮೂರು ದಿನ ತಡಿಯೋ.

1 ಅಕ್ಟೋಬರ್, ಖಂಡೇನವಮಿ. ಸೂರತ್

ಮಂಚದ ಪಕ್ಕ ನೆಲದಲ್ಲಿ ಕೂತು ಮೂರೂ ಭಾಗ ಬಿಗಿದೆ. ರಚನಾ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದಳು. ಪಕ್ಕದಲ್ಲಿ ಅವನ ಉಳಿ, ಸುತ್ತಿಗೆ. ಆರತಿ ಬೆಳಕಿಗೆ ಹಿತ್ತಾಳೆ ಫಳಫಳ.

“ಕಿಶೂ, ಹೊಳ್ಯಾಕತ್ತೈತಿ ನೋಡೋ. ನಿನ್ನ ಬಂದೂಕು.”

ಕಣ್ಣು ತೆರೆಯಲಿಲ್ಲ. ಒಮ್ಮೆ ರೆಪ್ಪೆ ಅಲುಗಿದವು. ಕಂಡಿತೋ ಇಲ್ಲವೋ ದೇವರಿಗೇ ಗೊತ್ತು. ಹದಿನೇಳು ದಿನ ಮೊದಲು ಎಚ್ಚರವಿದ್ದ. ಆಗ ಕೈಗೆ ಕೊಟ್ಟದ್ದು ಬೇರೆ.

ಅವನ ಕೈ ಹಿಡಿದು ಹೆಬ್ಬೆರಳನ್ನು ಮುಚ್ಚಳದ ಮೇಲೆ ಒತ್ತಿದೆ. ಒದ್ದೆ ಬೆರಳು. ಕನ್ನಡಿಯ ಮೇಲೆ ಗುರುತು ಬಿತ್ತು. ಅಭ್ಯಾಸಬಲ, ಕೈ ಬಟ್ಟೆಗೆ ಹೋಯಿತು. ನಿಲ್ಲಿಸಿದೆ. ಬೆವರಿನ ಉಪ್ಪು ಹಿತ್ತಾಳೆಯನ್ನು ತಿನ್ನುತ್ತದೆ. ಎರಡು ವಾರದಲ್ಲಿ ಗೆರೆ ಗೆರೆಯಾಗಿ ಕಂದು ಮೂಡುತ್ತದೆ. ಮೂಡಲಿ. ಒರೆಸುವುದಿಲ್ಲ.

2 ಅಕ್ಟೋಬರ್, ಬೆಳಿಗ್ಗೆ 5.40

ಹೋದ.

17 ಅಕ್ಟೋಬರ್, ಶುಕ್ರವಾರ. ವಡೋದರಾ. ಸಂಜೆ 6.30

ಹದಿಮೂರನೇ ದಿನದ ಕಾರ್ಯ ಮುಗಿಸಿ ಮೊನ್ನೆ ಬಂದೆ. ಹೊರಡುವ ಮುಂಚೆ ಟಾರ್ಚ್ ಹಿಡಿದು ನೋಡಿದ್ದೆ. ಮೂಡಿದೆ. ಪೂರ್ತಿ ಹೆಬ್ಬೆರಳು. ಉಳಿ ತಾಗಿದ ಗಾಯದ ಗೆರೆಯೂ ಅಡ್ಡಕ್ಕೆ, ಸ್ಪಷ್ಟವಾಗಿ. ರಚನಾಳಿಗೆ ತೋರಿಸಲಿಲ್ಲ. ಮತ್ತೆ ಅಳುತ್ತಾಳೆ ಅಂತ. ಮುಂದಿನ ಸಲ ಹೇಳಿದರಾಯಿತು ಅಂತ. ಊರವರ ಸಮೆಗಳಿಗೆಲ್ಲ ಚೀಟಿ ಇಟ್ಟವಳು ಇದಕ್ಕೆ ಇಡಲಿಲ್ಲ. ಮನೆಯವರಿಗೆಂಥ ಚೀಟಿ ಅನ್ನಿಸಿತು.

ಈಗ ಅವಳ ಫೋನ್.

“ನಮಗ ಈ ಸಲ ದೀಪಾವಳಿ ಇಲ್ಲ ಖರೇ, ಅಕ್ಕಾರ. ಆದರ ಕೆಲಸದಾಕಿ ಕೇಳಬೇಕಲ್ಲ. ಎಲ್ಲಾರ ಮನ್ಯಾಗೂ ಮಾಡ್ತಾಳಂತ, ಇಡೀ ಮನಿ ತೊಳದಾಳ. ದೇವರ ಸಾಮಾನು, ಸಮೆ, ಇದ್ದಬದ್ದ ಹಿತ್ತಾಳಿ ಎಲ್ಲಾ ತಿಕ್ಕಿ ಫಳಫಳ...”

“ಬಂದೂಕು?” ಎಂದೆ.

“ಅದು ಅವರ ಕೋಣ್ಯಾಗ ಐತ್ರಿ. ಅಲ್ಲಿಗೂ ಹೋಗಿದ್ಲೋ ಏನೋ... ತಡೀರಿ, ನೋಡ್ತೀನಿ.”

ಫೋನ್ ಸ್ಪೀಕರ್‌ಗೆ ಹಾಕಿ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಅವಳ ಚಪ್ಪಲಿ ಸದ್ದು. ಬಾಗಿಲು. ಲೈಟ್ ಸ್ವಿಚ್.

ಬಂದೂಕು ಎತ್ತಿದ ಸದ್ದು.

“ಅಕ್ಕಾರ,” ಅಂದಳು. “ಇದನ್ನೂ ತಿಕ್ಕ್ಯಾಳ್ರಿ.”