ಜರಡಿ ಹಿಡಿಯದ ಉಸುಕು

ಉದ್ಯಮಬಾಗ, ಬೆಳಗಾವಿ
೨೧೪೧ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕು

ಮೌನಪ್ಪಜ್ಜನಿಗೆ ನಮಸ್ಕಾರಗಳು.

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಅನ್ನಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತು ಬರೆಯುತ್ತಿದ್ದೇನೆ, ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕಾಳಮ್ಮ. ನಿಮ್ಮ ಮಗಳು ಸುವರ್ಣಾ ನನ್ನ ಮುತ್ತಜ್ಜಿ. ಹಿಂದಿನ ಕಾಲಕ್ಕೆ ಹೋಗುವ ಟಪಾಲಿಗೆ ನಾವು ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅದರ ಅವಕಾಶ. ತೀರಿಹೋದ ನನ್ನ ತಂಗಿಗೆ ಬರೆಯಬೇಕೆಂದು ಹನ್ನೊಂದು ವರ್ಷ ಉಳಿಸಿಕೊಂಡಿದ್ದೆ. ಈಗ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಪಾಡು ನನಗೆ ಗೊತ್ತು. ಗಾಡಿಗಳು ಬ್ಯಾಟರಿಯಲ್ಲಿ ಓಡತೊಡಗಿ ಎಂಜಿನ್ನೇ ಬೇಡವಾಗಿ, ಅದರ ಭಾಗಗಳನ್ನು ಎರಕ ಹೊಯ್ಯುವ ಫೌಂಡ್ರಿಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿದೆ. ಬರುವ ಗುರುವಾರ ಬಾಡಿಗೆ ಗೋಡೌನಿನಲ್ಲಿ ಸ್ಟಾರ್ಟಪ್ ತೆರೆದ ಮೂವರು ಹೆಣ್ಣುಮಕ್ಕಳು ನಿಮ್ಮಲ್ಲಿಗೆ ಬರುತ್ತಾರೆ. ನಿಮ್ಮ ಕೈಗೆ ತಂತಿ ಕಟ್ಟಿ, ಕಾದ ಲೋಹ ಹೊಯ್ಯಲು ಉಸುಕಿನಲ್ಲಿ ನೀವು ಅಚ್ಚು ಕಟ್ಟುವ ರೀತಿಯನ್ನು ಯಂತ್ರಕ್ಕೆ ಕಲಿಸುತ್ತಾರೆ. ಅದೇ ನಮ್ಮ ಬಾಯಲ್ಲಿ ಕೈನೆನಪು. ನಗಬೇಡಿ, ಆ ಮೂವರಿಂದ ಊರು ಎದ್ದು ನಿಂತಿತು. ಅವರನ್ನು ನೋಡಿ ಇನ್ನೂ ಇಪ್ಪತ್ತು ಕಂಪನಿಗಳು ಹುಟ್ಟಿದವು. ಬೀಗ ಹಾಕಿದ್ದ ಶೆಡ್ಡುಗಳು ತೆರೆದವು, ಊರು ಬಿಟ್ಟವರು ತಿರುಗಿ ಬಂದರು.

ನಾನು ಹುಟ್ಟುವ ಹೊತ್ತಿಗೆ ನಾಲ್ಕುನೂರು ಶೆಡ್ಡುಗಳಲ್ಲಿ ನಿಮ್ಮ ಕೈ ದುಡಿಯುತ್ತಿತ್ತು. ಯಂತ್ರದ ತೋಳು ಅಚ್ಚು ಮುಚ್ಚುವ ಮುನ್ನ ಅದನ್ನು ಎರಡು ಸಲ ತಟ್ಟುತ್ತದೆ, ನಿಮ್ಮ ಹಾಗೆಯೇ. ಆಮೇಲೆ ಮೇಲೆದ್ದು, ತನಗಿಲ್ಲದ ಹಣೆಯ ಬೆವರು ಒರೆಸಿಕೊಳ್ಳುತ್ತದೆ! ಮಕ್ಕಳು ಬೀದಿಯಲ್ಲಿ ಅದನ್ನೇ ಅಣಕಿಸಿ ಆಡುತ್ತಿದ್ದರು. ಖಂಡೇನವಮಿಯ ಆಯುಧಪೂಜೆಗೆ ಆ ತೋಳಿಗೆ ಕುಂಕುಮ ಹಚ್ಚಿ, ಎಲ್ಲರಿಗೂ ಸಿಹಿ ಕುಂದಾ ಹಂಚುತ್ತಿದ್ದೆವು. ನನ್ನ ತಂಗಿ ಅದನ್ನು ಅಜ್ಜ ಎಂದೇ ಕರೆಯುತ್ತಿದ್ದಳು.

ಆ ಗುರುವಾರ ಯಂತ್ರ ಹಿಡಿದಿಟ್ಟ ದನಿ-ಚಿತ್ರದ ದಾಖಲೆ ನನ್ನ ಬಳಿ ಇದೆ. ಶುರುವಿನಲ್ಲೇ ನಿಮ್ಮ ದನಿ ಕೇಳುತ್ತದೆ: "ಏ, ಆ ಹೊಲಸು ಉಸುಕ ಹಿಂದಕ ಹಾಕ್ರೋ! ಮಂದಿ ಬರಾಕತ್ತಾರ, ನಮ್ಮ ಮರ್ಯಾದಿ ಏನಾಗಬೇಕು?" ಬರುವವರು ಅತಿಥಿಗಳೆಂದು ಹಿಂದಿನ ದಿನವೇ ಉಸುಕಿಗೆ ಮೂರು ಸಲ ಜರಡಿ ಹಿಡಿದು, ಹದ ಮಾಡಿ ಇಟ್ಟಿದ್ದಿರಿ. ಒಬ್ಬಾಕೆ, "ಕಾಕಾ, ಎಷ್ಟ ಛಲೋ ಐತ್ರೀ ಉಸುಕ!" ಎನ್ನುತ್ತಾಳೆ. ನೀವು ನಕ್ಕು, "ದಿನಾ ಹಿಂಗ ಇರತೈತವಾ" ಎನ್ನುತ್ತೀರಿ.

ಅಯ್ಯೋ ಅಜ್ಜ, ಆ ಸುಳ್ಳನ್ನು ಯಂತ್ರ ನಂಬಿತು. ಕೆಟ್ಟ ಉಸುಕು ಬಂದ ದಿನ ನಿಮ್ಮ ಕೈ ಏನು ಮಾಡುತ್ತಿತ್ತು, ಎಷ್ಟು ನೀರು ಚಿಮುಕಿಸುತ್ತಿತ್ತು, ಎಲ್ಲಿ ಮೆಲ್ಲಗೆ ಒತ್ತುತ್ತಿತ್ತು ಎಂಬುದನ್ನು ಅದು ನೋಡಲೇ ಇಲ್ಲ. ಈಗ ಒಳ್ಳೆಯ ಉಸುಕು ಮುಗಿದುಹೋಗಿದೆ. ಕೆಡವಿದ ಕಟ್ಟಡಗಳನ್ನು ಅರೆದ ಪುಡಿಯಲ್ಲಿ ಅಚ್ಚು ಕಟ್ಟುತ್ತೇವೆ. ತೋಳು ಎಂದಿನಂತೆ ತಟ್ಟುತ್ತದೆ, ಬೆವರು ಒರೆಸಿಕೊಳ್ಳುತ್ತದೆ, ಎರಕದ ತುಂಬ ಗುಳ್ಳೆ ಏಳುತ್ತದೆ. ಉಳಿದದ್ದು ಆರು ಶೆಡ್ಡು. ಮೊನ್ನೆ ನಾನೇ ಆ ಪುಡಿಗೆ ಕೈ ಹಾಕಿ ಹಿಡಿ ಹಿಡಿಯಾಗಿ ಹಿಸುಕಿದೆ. ಅದರ ಹದ ನನ್ನ ಕೈಗೆ ಏನೂ ತಿಳಿಯಲಿಲ್ಲ. ಕೂತು ಅತ್ತುಬಿಟ್ಟೆ. ತಿಂಗಳ ಕೊನೆಗೆ ನಮ್ಮ ಶೆಡ್ಡೂ ಮುಚ್ಚುತ್ತದೆ. ಅಲ್ಲಿ ದುಡಿಯುವ ಹದಿನೇಳು ಮಂದಿಗೆ ಅದನ್ನು ನಾನೇ ಹೇಳಬೇಕು.

ಆದ್ದರಿಂದ ಕಾಲಿಗೆ ಬಿದ್ದು ಕೇಳುತ್ತೇನೆ. ಬುಧವಾರ ಜರಡಿ ಮುಟ್ಟಬೇಡಿ. ಗುರುವಾರ ಆ ಹೊಲಸು ಉಸುಕನ್ನು ಹಿಂದಕ್ಕೆ ಸರಿಸದೆ ಮುಂದಕ್ಕೆ ಎಳೆಯಿರಿ. ಅಚ್ಚು ಮುರಿಯಲಿ, ಬೈಯಿರಿ, ಮತ್ತೆ ಕಟ್ಟಿ. ಬಂದವರ ಮುಂದೆ ಮರ್ಯಾದೆ ಹೋಗುತ್ತದೆ, ಬಲ್ಲೆ. ನಮಗೋಸ್ಕರ ಒಂದು ದಿನ ಹೋಗಲಿ.

ಈ ಕಾಗದ ಹಾಕಿ ಬಂದು ದಾಖಲೆಯನ್ನು ಮತ್ತೆ ತೆರೆಯುತ್ತೇನೆ. ನೀವು ಆಗಲೂ "ದಿನಾ ಹಿಂಗ ಇರತೈತವಾ" ಎಂದು ನಕ್ಕರೆ, ಕಾಗದ ನಿಮ್ಮ ಕೈ ಸೇರಲಿಲ್ಲ ಎಂದುಕೊಳ್ಳುತ್ತೇನೆ. ಸಿಟ್ಟು ಮಾಡುವುದಿಲ್ಲ. ನಿಮ್ಮ ಜೊತೆ ನಾನೂ ನಕ್ಕು, ಶೆಡ್ಡಿಗೆ ಬೀಗ ಹಾಕುತ್ತೇನೆ.

ನಿಮ್ಮ ಮನೆಯ ಹುಡುಗಿ,
ಕಾಳಮ್ಮ